ಎರಡು ಸಂತೆಗಳ ನಡುವಿನ ದಿನಗಳು

ಕತ್ತಿಗೆ ಒಂದು, ಬೆಂಕಿಗೆ ಎರಡು, ಬಂದೂಕಿಗೆ ಮೂರು, ಕಲ್ಲಿಗೆ ನಾಲ್ಕು, ಬರಿಗೈಗೆ ಐದು. ಆರು ಎಂದರೆ ‘ಇತರೆ’. ಒನಕೆಯಿಂದ ಹೊಡೆದು ಕೊಂದದ್ದನ್ನು ಎಲ್ಲಿ ಸೇರಿಸಬೇಕೆಂದು ಮೊದಲ ದಿನವೇ ತೊಡಕಾಯಿತು. ನಮಗೆ ಕೊಟ್ಟಿದ್ದ ಸಂಕೇತಗಳ ಪುಸ್ತಕದಲ್ಲಿ ಒನಕೆ ಇರಲಿಲ್ಲ. ಆರು ಎಂದು ಒತ್ತಿದೆ. ಆ ದಿನದ ನನ್ನ ಡೈರಿ ಹೀಗಿದೆ: ‘ಮೇ 10, ಸೋಮವಾರ. ಫಾರಂ 11. ಸತ್ತವರು 19. ಇತರೆ 1. ಪ್ರಶ್ನೆ 0.’

ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ, ಒಂಬತ್ತು ಕಂಪ್ಯೂಟರ್ ಇಟ್ಟುಕೊಂಡಿದ್ದ ಡೇಟಾ ಎಂಟ್ರಿ ಸೆಂಟರ್ ಅದು. ಕಿಟಕಿ ತೆಗೆದರೆ ಗೂಡು ಬೇಯಿಸುವ ವಾಸನೆ, ಮುಚ್ಚಿದರೆ ಸೆಕೆ. ನಾನು ಗುಡೇಮಾರನಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದೆ. ಅಲ್ಲಿಯವರೆಗೆ ವಿಮೆ ಅರ್ಜಿ, ಆಸ್ಪತ್ರೆ ದಾಖಲೆ ತುಂಬುತ್ತಿದ್ದ ನಮ್ಮ ಮುಂದೆ ಮೇ ತಿಂಗಳಲ್ಲಿ ಹದಿನಾಲ್ಕು ರಟ್ಟಿನ ಪೆಟ್ಟಿಗೆಗಳು ಬಂದು ಕುಳಿತವು.

ಕಳಿಸಿದವರು ಪಶ್ಚಿಮ ಆಫ್ರಿಕಾದ ಒಬ್ಬ ಸಂಶೋಧಕಿ. ಒಂದು ವರ್ಷದ ಮಟ್ಟಿಗೆ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಬಂದಿದ್ದರು. ತಮ್ಮ ದೇಶದ ಎರಡು ಊರುಗಳ ನಡುವೆ ಹಿಂದಿನ ವರ್ಷ ನಡೆದ ಮಾರಣಹೋಮದ ಬಗ್ಗೆ, ಅಲ್ಲಿನ ಜಮೀನು, ಸಂತೆ, ಮುಖಂಡರು, ಚರ್ಚು, ಹಳೆಯ ದೇವರುಗಳ ಬಗ್ಗೆ, ಬದುಕಿ ಉಳಿದವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ ಬರೆಸಿಕೊಂಡಿದ್ದರು. ದುಭಾಷಿಗಳು ಇಂಗ್ಲಿಷಿನಲ್ಲಿ ಕೈಬರಹದಲ್ಲಿ ತುಂಬಿದ ಆರುನೂರ ನಲವತ್ತು ಫಾರಂಗಳು. ದೇಶದ ಹೆಸರನ್ನು ಹೊರಗೆ ಹೇಳುವುದಿಲ್ಲವೆಂದು ನಾವೆಲ್ಲ ಸಹಿ ಹಾಕಿದ್ದೆವು, ಇಲ್ಲಿಯೂ ಹೇಳುವುದಿಲ್ಲ. ಊರುಗಳಿಗೆ ಫಾರಂನಲ್ಲೇ ಹೆಸರಿರಲಿಲ್ಲ, 1 ಮತ್ತು 2 ಎಂದಿತ್ತು. ಒಂದು ಗುಡ್ಡದ ಮೇಲಿತ್ತು, ಇನ್ನೊಂದು ಹೊಳೆಯ ದಂಡೆಯಲ್ಲಿ. ನಾವು ಗುಡ್ಡದೂರು, ಹೊಳೆಯೂರು ಎಂದು ಕರೆದುಕೊಂಡೆವು.

ಎರಡೂ ಊರಿನ ನಡುವಿನ ತಗ್ಗು ಜಮೀನಿಗೆ ಒಂದು ಕಾರ್ಖಾನೆ ಬಂದಿತ್ತು. ಹೊಳೆಯೂರಿನ ಮುಖಂಡ ಸಹಿ ಹಾಕಿದ್ದ, ಗುಡ್ಡದೂರಿನವರ ಗೆಣಸಿನ ಹೊಲಗಳು ಹೋಗಿದ್ದವು. ಒಂದು ಬುಧವಾರ ಎರಡೂ ಊರಿಗೆ ಸೇರಿದ ಸಂತೆ ಹೊತ್ತಿ ಉರಿಯಿತು. ಯಾರು ಹಚ್ಚಿದರೆಂದು ಯಾರಿಗೂ ಗೊತ್ತಿಲ್ಲ. ಆಮೇಲೆ ಎರಡು ದಾಳಿಗಳಾದವು. ಇವರ ಊರಿನ ಮೇಲೆ ಅವರು ಒಂದು ಸಲ, ಅವರ ಊರಿನ ಮೇಲೆ ಇವರು ಒಂದು ಸಲ.

“ಏ, ಇದು ನಮ್ಮ ಬಿಡದೀನೇ ಕಣವ್ವ. ಹೆಸರು ಅಳಿಸಿ ಕಳ್ಸವ್ರೆ ಅಷ್ಟೇಯ” ಎಂದರು ನನ್ನ ಜೊತೆಗಾರರು. ಅವರು ಬಿಡದಿ ಹತ್ತಿರದ ಒಂದು ಹಳ್ಳಿಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕಾರ್ಖಾನೆ ಬಂದಾಗ ಕೆಲಸ ಸಿಗುತ್ತದೆಂದು ಕಂಪ್ಯೂಟರ್ ಕಲಿತು, ಕೆಲಸ ಸಿಗದೆ ಇಲ್ಲಿಗೆ ಬಂದವರು. ಎಲ್ಲರಿಗೂ ಅವರು ಬಿಡದಿಯಣ್ಣ.

ನಮ್ಮ ಕೆಲಸದ ಕ್ರಮ ಹೇಳಬೇಕು, ಏಕೆಂದರೆ ತಪ್ಪು ಅದರೊಳಗೇ ಇತ್ತು. ಪ್ರತಿಯೊಂದು ಫಾರಂ ಅನ್ನು ಇಬ್ಬರು ಬೇರೆ ಬೇರೆಯಾಗಿ ತುಂಬಬೇಕು. ಒಬ್ಬರದು ಇನ್ನೊಬ್ಬರು ನೋಡಕೂಡದು. ಸಂಜೆ ಕಂಪ್ಯೂಟರ್ ಎರಡನ್ನೂ ಹೋಲಿಸಿ, ಎಲ್ಲಿ ಬೇರೆಯಾಗಿದೆಯೋ ಅದರ ಪಟ್ಟಿ ಮುದ್ರಿಸುತ್ತದೆ. ಮಾರನೆಯ ಬೆಳಿಗ್ಗೆ ಇಬ್ಬರೂ ಸೇರಿ ಫಾರಂ ತೆಗೆದು ಸರಿ ಯಾವುದೆಂದು ತೀರ್ಮಾನಿಸಬೇಕು. ನಾನೂ ಬಿಡದಿಯಣ್ಣನೂ ಒಂದು ಜೋಡಿ. ಗುಡ್ಡದೂರಿನ ಫಾರಂಗಳೆಲ್ಲ ನಮ್ಮ ಪಾಲಿಗೆ ಬಂದಿದ್ದವು, ಹೊಳೆಯೂರಿನವೂ ಕೆಲವು.

ಮೊದಲ ಎರಡು ವಾರ ನನಗೆ ಊಟ ಸೇರಲಿಲ್ಲ. ಫಾರಂ 87ರಲ್ಲಿ ಒಬ್ಬ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಓಡುತ್ತಾಳೆ, ಹಿಂದಿನಿಂದ ಬಿದ್ದ ಏಟು ಮಗುವಿಗೆ ತಗಲುತ್ತದೆ. ಹೊಳೆ ದಾಟುವವರೆಗೂ ಅವಳಿಗೆ ಅದು ಗೊತ್ತಾಗುವುದಿಲ್ಲ. ಫಾರಂ 130ರಲ್ಲಿ ಚರ್ಚಿನ ಬಾಗಿಲಿಗೆ ಹೊರಗಿನಿಂದ ಮರದ ತುಂಡು ಅಡ್ಡ ಹಾಕುತ್ತಾರೆ. ಒಳಗಿದ್ದವರು ಎಷ್ಟು ಎಂಬ ಕಾಲಂನಲ್ಲಿ ದುಭಾಷಿ ಬರೀ ಒಂದು ಗೆರೆ ಎಳೆದಿದ್ದ. ಗೆರೆಗೂ ಒಂದು ಸಂಕೇತವಿತ್ತು, 99, ಅಂದರೆ ‘ತಿಳಿಯದು’. ನಾನು 99 ಒತ್ತಿ ಹೊರಗೆ ಹೋಗಿ ನಿಂತೆ.

“ಎಣಿಸ್ಕೊಂಡು ಕೂತ್ಕೋಬ್ಯಾಡ ತಂಗಿ, ಬರೀ ಒತ್ತು. ಎಣಿಸೋಕೆ ಹೋದ್ರೆ ಹುಚ್ಚು ಹಿಡೀತದೆ” ಎಂದು ಬಿಡದಿಯಣ್ಣ ಟೀ ತಂದುಕೊಟ್ಟರು.

ನಾನು ಎಣಿಸುವುದನ್ನು ಬಿಡಲಿಲ್ಲ. ಎಣಿಸಿ ಬರೆದರೆ ಅಷ್ಟನ್ನು ಡೈರಿಯೊಳಗೆ ಮುಚ್ಚಿಟ್ಟು ಮನೆಗೆ ಹೋಗಬಹುದು ಎಂದು ಅಂದುಕೊಂಡಿದ್ದೆ.

ತೊಡಕು ದಿನಾಂಕದಲ್ಲಿತ್ತು. ಹೊಳೆಯೂರಿನವರು ಚರ್ಚಿಗೆ ಹೋಗುವವರು, ಭಾನುವಾರಗಳನ್ನು ಎಣಿಸುತ್ತಿದ್ದರು. ‘ಸಂತೆ ಸುಟ್ಟ ಮೇಲೆ ಎರಡನೆಯ ಭಾನುವಾರ ಗುಡ್ಡದವರು ಬಂದರು’ ಎಂದು ಎಲ್ಲರೂ ಒಂದೇ ಮಾತು. ಬುಧವಾರದಿಂದ ಎರಡನೆಯ ಭಾನುವಾರ ಎಂದರೆ ಹನ್ನೊಂದನೆಯ ದಿನ. ಗುಡ್ಡದೂರಿನವರಿಗೆ ಚರ್ಚಿರಲಿಲ್ಲ, ಹಳೆಯ ದೇವರು, ಹಳೆಯ ಲೆಕ್ಕ. ಅವರು ಎಣಿಸುತ್ತಿದ್ದದ್ದು ಸಂತೆಗಳನ್ನು. ‘ಸಂತೆ ಸುಟ್ಟು ಎರಡು ಸಂತೆ ಕಳೆದ ದಿನ ಹೊಳೆಯವರು ಬಂದರು.’ ಆ ಊರಿನಲ್ಲಿ ಒಬ್ಬ ಮುದುಕನಿದ್ದ, ಫಾರಂ 219. ಸಂತೆಗೊಂದರಂತೆ ಹಗ್ಗಕ್ಕೆ ಗಂಟು ಹಾಕುವುದು ಅವನ ಮನೆತನದ ಕೆಲಸ. ಬಿತ್ತನೆ, ಮದುವೆ, ಪೂಜೆ ಎಲ್ಲಕ್ಕೂ ಊರಿನವರು ಬಂದು ಅವನ ಹಗ್ಗ ನೋಡುತ್ತಿದ್ದರು. ದಾಳಿ ಯಾವಾಗ ಎಂದು ಕೇಳಿದ್ದಕ್ಕೆ ಅವನ ಉತ್ತರ ಎರಡೇ ಪದ: ‘ಎರಡು ಗಂಟು.’

ಸಂಕೇತಗಳ ಪುಸ್ತಕದಲ್ಲಿ, ಸಂತೆಯ ಲೆಕ್ಕವನ್ನು ದಿನಾಂಕಕ್ಕೆ ಬದಲಿಸಲು ‘ಜೊತೆಗಿರುವ ಹಾಳೆ ನೋಡಿ’ ಎಂದಿತ್ತು. ಜೊತೆಗೆ ಹಾಳೆ ಇರಲಿಲ್ಲ. ಹದಿನಾಲ್ಕು ಪೆಟ್ಟಿಗೆಯನ್ನೂ ಬುಡಮೇಲು ಮಾಡಿ ಹುಡುಕಿದೆವು.

ಆಗ ಕೇಳಬೇಕಿತ್ತು. ಸಂಶೋಧಕಿಗೆ ಪ್ರಶ್ನೆ ಕಳಿಸುವ ಚೀಟಿಗಳಿದ್ದವು. ಆದರೆ ನಮ್ಮ ಮಾಲೀಕರು ಗೋಡೆಗೆ ಒಂದು ಹಲಗೆ ತೂಗುಹಾಕಿ, ಯಾರು ಎಷ್ಟು ಪ್ರಶ್ನೆ ಕೇಳಿದ್ದಾರೆಂದು ಹೆಸರಿನ ಮುಂದೆ ಬರೆಯುತ್ತಿದ್ದರು. “ಕೆಲ್ಸ ಬರೋರು ಕೇಳಲ್ಲಮ್ಮ, ಮಾಡ್ತಾರೆ” ಎನ್ನುವುದು ಅವರ ಮಾತು. ನನ್ನ ಹೆಸರಿನ ಮುಂದೆ ಸೊನ್ನೆ ಇತ್ತು. ಒಂಬತ್ತು ಜನರಲ್ಲಿ ಸೊನ್ನೆ ಇದ್ದದ್ದು ನನ್ನೊಬ್ಬಳಿಗೇ.

ನಾನೇ ಹಾಳೆ ಮಾಡಿದೆ. ಸ್ಕೇಲ್ ಇಟ್ಟು ಗೆರೆ ಎಳೆದು, ಸಂತೆ ಸುಟ್ಟ ಬುಧವಾರವನ್ನು ಸೊನ್ನೆ ಎಂದಿಟ್ಟು, ಒಂದು ಸಂತೆಗೆ ಏಳು, ಎರಡಕ್ಕೆ ಹದಿನಾಲ್ಕು, ಮೂರಕ್ಕೆ ಇಪ್ಪತ್ತೊಂದು. ತಿಪ್ಪಸಂದ್ರದಲ್ಲಾಗಲಿ ಮಾಗಡಿಯಲ್ಲಾಗಲಿ ನಾನು ಕಂಡ ಸಂತೆಗಳೆಲ್ಲ ವಾರಕ್ಕೊಂದು. ಸಂತೆ ಎಂದರೆ ವಾರ, ವಾರ ಎಂದರೆ ಏಳು. ಇದರಲ್ಲಿ ಕೇಳುವುದೇನಿದೆ? ಹಾಳೆಯ ಒಂದು ಪ್ರತಿಯನ್ನು ಬಿಡದಿಯಣ್ಣನಿಗೂ ಕೊಟ್ಟೆ. “ಅಬ್ಬಾ, ಮೇಷ್ಟ್ರಮ್ಮ!” ಎಂದು ನಕ್ಕು ಅದನ್ನು ಪರದೆಯ ಪಕ್ಕ ಅಂಟಿಸಿಕೊಂಡರು. ಅಲ್ಲಿಗೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲೆಂದು ಮಾಡಿದ್ದ ಏರ್ಪಾಡು ಆ ಒಂದು ಕಾಲಂನಲ್ಲಿ ಸತ್ತುಹೋಯಿತು. ಇಬ್ಬರೂ ಒಂದೇ ತಪ್ಪು ಮಾಡಿದರೆ ಕಂಪ್ಯೂಟರ್ ಅದನ್ನು ಸರಿ ಎನ್ನುತ್ತದೆ. ದಿನಾಂಕದ ಕಾಲಂನಲ್ಲಿ ನಮ್ಮಿಬ್ಬರ ವ್ಯತ್ಯಾಸ ಸೊನ್ನೆಗೆ ಬಂತು. ಡೈರಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಜೂನ್ 12ರ ಶನಿವಾರ ಸಂಶೋಧಕಿ ರಾಮನಗರಕ್ಕೆ ಬಂದರು. ಎತ್ತರದ, ನಿಧಾನ ಮಾತಿನ ಹೆಂಗಸು. ಅವರಿಗೆಂದು ಹೋಟೆಲಿನಿಂದ ಅನ್ನ, ಚಪಾತಿ ತರಿಸಿದ್ದರೂ, ಬಿಡದಿಯಣ್ಣ ಮನೆಯಿಂದ ತಂದ ಮುದ್ದೆಯ ಡಬ್ಬಿ ತೆಗೆದಾಗ ಅವರ ಕಣ್ಣು ಅಲ್ಲಿಗೇ ಹೋಯಿತು. ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರು.

“ಲೇ, ನೋಡ್ರಲಾ! ಬೆಂಗ್ಳೂರೋರಿಗೆ ಇಪ್ಪತ್ತು ವರ್ಸ ಆದ್ರೂ ಬರಾಕಿಲ್ಲ ಇದು!” ಎಂದು ಬಿಡದಿಯಣ್ಣ ಕೂಗಿದರು. ತಮ್ಮಲ್ಲೂ ಹೀಗೆಯೇ, ಅಗಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು ಎಂದು ಸಂಶೋಧಕಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಎಲ್ಲರಿಗೂ ತಿಳಿಸಿದೆ. ತಿಂಗಳಲ್ಲಿ ಮೊದಲ ಬಾರಿ ಆ ಕೋಣೆಯಲ್ಲಿ ನಗು ಕೇಳಿಸಿತು.

ಊಟದ ನಂತರ ಅವರು ಅರ್ಧ ಮುಗಿದ ಕೆಲಸದ ಪಟ್ಟಿಗಳನ್ನು ನೋಡಿದರು. ಹೊಳೆಯೂರಿನ ಮೇಲೆ ದಾಳಿ ಹನ್ನೊಂದನೆಯ ದಿನ, ಗುಡ್ಡದೂರಿನ ಮೇಲೆ ಹದಿನಾಲ್ಕನೆಯ ದಿನ. ಅಂದರೆ ಮೊದಲು ಹೋಗಿ ಕಡಿದವರು ಗುಡ್ಡದವರು, ಹೊಳೆಯವರದು ಸೇಡು. ಆ ಎರಡು ಸಾಲುಗಳ ಮೇಲೆ ಅವರು ಬೆರಳಿಟ್ಟರು. ಆಮೇಲೆ ತಮ್ಮ ತಾಯಿ ಹೊಳೆಯೂರಿನವಳು ಎಂದರು. ಅಲ್ಲಿನ ಸರ್ಕಾರ ವಿಚಾರಣಾ ಮಂಡಳಿಯೊಂದನ್ನು ನೇಮಿಸಿದೆ, ಗುಡ್ಡದೂರಿನ ಒಂಬತ್ತು ಗಂಡಸರು ಬಂಧನದಲ್ಲಿದ್ದಾರೆ, ಮೊದಲು ಕೈ ಎತ್ತಿದವರು ಯಾರೆಂಬುದರ ಮೇಲೆ ಅವರ ಹಣೆಬರಹ ನಿಂತಿದೆ, ಮಂಡಳಿಯವರು ತಮ್ಮ ಪಟ್ಟಿಗಾಗಿ ಕಾಯುತ್ತಿದ್ದಾರೆ ಎಂದರು. ಒಂಬತ್ತರಲ್ಲಿ ಹಗ್ಗದ ಮುದುಕನೂ ಒಬ್ಬ. ದಾಳಿಯ ದಿನ ಗೊತ್ತುಮಾಡಿ ಕೊಟ್ಟವನು ಅವನೇ ಎಂದು ಆರೋಪ. ಹಗ್ಗವನ್ನು ಸಾಕ್ಷಿಯಾಗಿ ವಶಪಡಿಸಿಕೊಂಡಿದ್ದಾರಂತೆ.

ಅಲ್ಲಿಯವರೆಗಿನ ಕೆಲಸದ ಪಟ್ಟಿ ಮಂಡಳಿಗೆಂದು ಜೂನ್ 21ಕ್ಕೆ ಹೋಯಿತು. ಕೆಳಗೆ ನನ್ನ ಸಹಿ.

ಜುಲೈ 3, ಶನಿವಾರ. ಫಾರಂ 412 ಗುಡ್ಡದೂರಿನ ಒಬ್ಬ ಹೆಂಗಸಿನದು. ಹೊಳೆಯವರು ನಸುಕಿನಲ್ಲಿ ಬಂದು ಅವಳ ಗಂಡನನ್ನು ಹೊಸ್ತಿಲಲ್ಲೇ ಕಡಿದರು. ಅವಳು ಇಬ್ಬರು ಮಕ್ಕಳನ್ನು ಎಳೆದುಕೊಂಡು ಬಯಲಿಗೆ ಓಡಿದಳು. ಸೂರ್ಯ ಹುಟ್ಟುತ್ತಿದ್ದ. ಅವಳು ಮಲಗಿದಂತೆ ಬಿದ್ದು ಮಕ್ಕಳ ಬಾಯಿ ಮುಚ್ಚಿ ಹಿಡಿದಿದ್ದಳು. ‘ನೇರ ನನ್ನ ಮೇಲೆ ಅರ್ಧ ಚಂದ್ರ ಇತ್ತು. ಅದು ನನ್ನನ್ನು ತೋರಿಸಿಕೊಡುತ್ತದೆ ಎಂದು ಹೆದರಿದೆ.’

ಚಂದ್ರನಿಗೆ ಕಾಲಂ ಇರಲಿಲ್ಲ. ನಾನು ಮುಂದಿನ ಫಾರಂ ತೆಗೆದುಕೊಂಡೆ. ಅದೇ ಫಾರಂ ತುಂಬುತ್ತಿದ್ದ ಬಿಡದಿಯಣ್ಣ ಕುರ್ಚಿ ತಿರುಗಿಸಿದರು.

“ತಂಗಿ, ಸಂತೆ ಸುಟ್ಟಿದ್ದು ಹುಣ್ಣಿಮೆ ದಿನ ಅಲ್ವಾ? ಬೆಂಕೀನೂ ಬೆಳದಿಂಗಳೂ ಒಂದೇ ಥರ ಇತ್ತು ಅಂತ ಸುಮಾರು ಜನ ಹೇಳವ್ರೆ.”

“ಹೌದಣ್ಣ.”

“ಹುಣ್ಣಿಮೆ ಆಗಿ ಹದಿನಾಲ್ಕು ದಿನಕ್ಕೆ ಏನು? ಅಮಾವಾಸ್ಯೆ ಕಣವ್ವ. ಅಮಾವಾಸ್ಯೇಲಿ ಅರ್ಧ ಚಂದ್ರ ಎಲ್ಲಿಂದ ಬಂದ? ಬೆಳಗಾನ ಹೊತ್ತು ನೆತ್ತಿ ಮ್ಯಾಲೆ ಅರ್ಧ ಚಂದ್ರ ಇರ್ಬೇಕಾದ್ರೆ ಅದು ಅಷ್ಟಮಿ. ಎಂಟನೇ ದಿನ. ಹಿಪ್ಪುನೇರಳೆ ಸೊಪ್ಪು ಕೊಯ್ಯಾಕೆ ಹೋಗೋನು ನಾನು, ನಂಗೆ ಗೊತ್ತಿಲ್ವಾ?”

“ಅವಳು ಹೆದರಿದ್ದಳು, ತಪ್ಪು ಹೇಳಿರಬಹುದು.”

“ಹೆದ್ರಿದ್ರೆ ಜನ ಟೈಮು ಮರೀತಾರೆ, ಚಂದ್ರನ್ನ ಹುಟ್ಟುಸ್ತಾರಾ?”

ಮನೆಗೆ ಹೋಗಿ ಹಳೆಯ ಕ್ಯಾಲೆಂಡರ್ ಹುಡುಕಿದೆ. ಹಸು ಬೆದೆಗೆ ಬಂದ ದಿನ, ಕರು ಹಾಕಿದ ದಿನ ಬರೆದುಕೊಳ್ಳುವುದರಿಂದ ನಮ್ಮವ್ವ ಕ್ಯಾಲೆಂಡರ್‌ಗಳನ್ನು ಎಸೆಯುವುದಿಲ್ಲ. ಹಿಂದಿನ ವರ್ಷದ್ದು ಅಟ್ಟದ ಮೇಲೆ ಸುರುಳಿಯಾಗಿತ್ತು. ಸಂತೆ ಸುಟ್ಟ ಬುಧವಾರ ಹುಣ್ಣಿಮೆ. ಅಲ್ಲಿಂದ ಹದಿನಾಲ್ಕನೆಯ ದಿನದ ಚೌಕದ ಪಕ್ಕದಲ್ಲೇ ಮಹಾಲಯ ಅಮಾವಾಸ್ಯೆಯ ಕಪ್ಪು ಬೊಟ್ಟು. ಚಂದ್ರ ಎಲ್ಲ ದೇಶಕ್ಕೂ ಒಬ್ಬನೇ.

ಮರುದಿನ ಭಾನುವಾರವಾದರೂ ಸೆಂಟರ್ ತೆಗೆಸಿ, ಗುಡ್ಡದೂರಿನ ಫಾರಂಗಳನ್ನೆಲ್ಲ ಮತ್ತೆ ಓದಿದೆ. ಸಂತೆಯನ್ನೂ ವಾರದ ಹೆಸರನ್ನೂ ಒಟ್ಟಿಗೆ ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ಮಾತ್ರ ನೋಡಿದೆ. ಏಳು ಫಾರಂ ಸಿಕ್ಕವು. ‘ಸುಟ್ಟ ಮೇಲಿನ ಮೊದಲ ಸಂತೆಯ ದಿನ ಕೆಳಗಿನ ಊರಿನಲ್ಲಿ ಚರ್ಚಿನ ಗಂಟೆ ಹೊಡೆಯುತ್ತಿತ್ತು’ ಎಂದಿದ್ದ ಒಬ್ಬ. ಬುಧವಾರ ಒಂದು ಸಂತೆ, ಭಾನುವಾರ ಮುಂದಿನದು. ನಡುವೆ ನಾಲ್ಕು ದಿನ. ಏಳರಲ್ಲಿ ಏಳೂ ನಾಲ್ಕಕ್ಕೆ ಹೊಂದಿದವು. ಏಳಕ್ಕೆ ಒಂದೂ ಹೊಂದಲಿಲ್ಲ.

ಅಲ್ಲಿ ಸಂತೆ ನಾಲ್ಕು ದಿನಕ್ಕೊಮ್ಮೆ. ಎರಡು ಸಂತೆ ಎಂದರೆ ಎಂಟು ದಿನ. ಹಾಗಾದರೆ ಗುಡ್ಡದೂರಿನ ಮೇಲೆ ದಾಳಿಯಾದದ್ದು ಎಂಟನೆಯ ದಿನ, ಹೊಳೆಯೂರಿನ ಮೇಲೆ ಹನ್ನೊಂದನೆಯ ದಿನ. ಮೊದಲು ಕಡಿಸಿಕೊಂಡವರು ಗುಡ್ಡದವರು. ಆಮೇಲೆ ಅವರೂ ಹೋಗಿ ಚರ್ಚಿನ ಬಾಗಿಲಿಗೆ ಮರ ಅಡ್ಡ ಹಾಕಿದರು, ಅದೇನೂ ಕಡಿಮೆಯಾಗುವುದಿಲ್ಲ. ಆದರೆ ಯಾರು ಮೊದಲು ಎಂಬುದನ್ನು ಸ್ಕೇಲ್ ಇಟ್ಟು ಗೆರೆ ಎಳೆದು ತಿರುಗಿಸಿದವಳು ನಾನು.

ಡೈರಿಯಲ್ಲಿ ಆ ದಿನದ ಪುಟ ಖಾಲಿ ಇದೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಬಿಡದಿಯಣ್ಣ ಎರಡು ಸಲ ನನ್ನ ಮುಖ ನೋಡಿದರು, ಕೇಳಲಿಲ್ಲ. ಜುಲೈ 7ರಂದು ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು.

“ಕಳಿಸಿ ಆಯ್ತು, ಅವ್ರು ಒಪ್ಕೊಂಡೂ ಆಯ್ತು. ಈಗ ಹೋಗಿ ತಪ್ಪು ಅಂದ್ರೆ ಮಿಕ್ಕಿದ್ದೆಲ್ಲ ಸರಿ ಅಂತ ಯಾರ್ ನಂಬ್ತಾರೆ? ಒಂಬತ್ತು ಜನದ ಅನ್ನ ಇದು. ಹಾಳೆ ಯಾರ್ದು?”

“ನನ್ನದೇ ಸಾರ್.”

“ಯಾರಾದ್ರೂ ಮಾಡು ಅಂದ್ರಾ?”

“ಇಲ್ಲ.”

“ಮತ್ತೆ! ಅವರೇನು ಚಿಕ್ಕ ಮಗುವಾ, ಅಷ್ಟು ಓದಿರೋರು, ಅವ್ರ ದೇಶದ ಸಂತೆ ಅವ್ರಿಗೆ ಗೊತ್ತಿಲ್ವಾ? ತಪ್ಪಿದ್ರೆ ಅವರೇ ಕೇಳ್ತಾರೆ. ಸುಮ್ನಿರಮ್ಮ.”

ಸುಮ್ಮನಿದ್ದೆ. ಅವರ ಕೊನೆಯ ಮಾತಿಗೆ ಜೋತುಬಿದ್ದು ಇನ್ನೂ ನಾಲ್ಕು ದಿನ ಕಳೆದೆ.

ಜುಲೈ 11, ಭಾನುವಾರ. ಆ ಏಳು ಫಾರಂಗಳ ಪ್ರತಿಗಳನ್ನು ತೆಗೆದುಕೊಂಡು ಬಿಡದಿಯಣ್ಣನ ಹಳ್ಳಿಗೆ ಹೋದೆ. ಇನ್ನೊಮ್ಮೆ ಅವರ ಜೊತೆ ಕುಳಿತು ನೋಡಿ, ನಾಲ್ಕು ಎಂಬುದು ನನ್ನ ಭ್ರಮೆಯೆಂದು ಅವರ ಬಾಯಲ್ಲಿ ಕೇಳಬೇಕೆಂದು ಹೋದೆ ಎನಿಸುತ್ತದೆ. ಅವರ ಮನೆಯ ಮುಂದೆ ಗೋಮಾಳ. ಕಾರ್ಖಾನೆಗಳ ಜಾಗ ಹತ್ತಿರ ಬಂದ ಮೇಲೆ ದನ ಮೇಯುತ್ತಿದ್ದ ಆ ಬಯಲಿಗೂ ಬೆಲೆ ಬಂದಿತ್ತು. ಇವರ ಊರಿನವರೂ ಪಕ್ಕದ ಊರಿನವರೂ ಅದು ತಮ್ಮದೆನ್ನುತ್ತಿದ್ದರು. ಅಂದು ಬೆಳಿಗ್ಗೆ ಪಕ್ಕದ ಊರಿನವರು ಜೆಸಿಬಿ ತಂದು ಬೇಲಿಗೆ ಗುಂಡಿ ತೆಗೆಸುತ್ತಿದ್ದರು.

ನಾವಿಬ್ಬರೂ ಜಗಲಿಯಲ್ಲಿ ಕುಳಿತಿದ್ದೆವು. ಬಿಡದಿಯಣ್ಣನ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಯಲಿಗೆ ನಡೆದರು. ಹಿಂದೆ ಹತ್ತು ಹನ್ನೆರಡು ಜನ.

“ಏನ್ಲಾ, ನಿಮ್ಮಪ್ಪಂದೇನ್ಲಾ ಇದು?” ಎಂದು ಒಂದು ದನಿ.

“ನಿಮ್ಮ ತಾತಂದೇನ್ಲಾ? ಪತ್ರ ತೋರ್ಸೋ, ಗಂಡಸಾದ್ರೆ!”

ಇಂಥ ಕೂಗಾಟ ವಾರಕ್ಕೊಮ್ಮೆ ಇದ್ದದ್ದೇ ಎಂದು ಬಿಡದಿಯಣ್ಣ ಕೈ ಬೀಸಿದರು. ನಾನು ಬಗ್ಗಿ ಹಾಳೆಗಳನ್ನು ಕ್ರಮವಾಗಿ ಜೋಡಿಸುತ್ತಿದ್ದೆ. ‘ಟಪ್’ ಎಂದು ಒಂದು ಸದ್ದು. ತಲೆ ಎತ್ತುವಷ್ಟರಲ್ಲಿ ಎರಡು ಕಡೆಯಿಂದಲೂ ಕಲ್ಲು ಹಾರುತ್ತಿದ್ದವು. ಜೆಸಿಬಿಯ ಗಾಜು ಒಡೆದು ಡ್ರೈವರ್ ಹಾರಿ ಓಡಿದ. ಒಬ್ಬನ ಕೈಯಲ್ಲಿ ಮಚ್ಚು ಕಂಡಿತು. ಬಿಡದಿಯಣ್ಣನ ಅಪ್ಪ ಅಡ್ಡ ಹಿಡಿದ ಎಡಗೈ ಮೊಣಕೈಯಿಂದ ಕೆಳಗೆ ಸೀಳಿ ತೆರೆದುಕೊಂಡಿತು. ಆಚೆಯವನೊಬ್ಬ ಕಿವಿ ಹಿಡಿದುಕೊಂಡು ಮಂಡಿಯೂರಿದ್ದ, ಬೆರಳ ಸಂದಿಯಿಂದ ರಕ್ತ ಒಸರುತ್ತಿತ್ತು. ಇನ್ನೊಬ್ಬನನ್ನು ಗುಂಡಿಗೆ ಕೆಡವಿ ಮೂವರು ಗುದ್ದಲಿಯ ಕಾವಿನಿಂದ ಬಡಿಯುತ್ತಿದ್ದರು. ಆ ಮೂವರಲ್ಲಿ ಒಬ್ಬ ಈಗಷ್ಟೇ ನನಗೆ ನೀರು ಕೊಟ್ಟಿದ್ದವನು. ಕಲ್ಲು ನಾಲ್ಕು, ಕತ್ತಿ ಒಂದು, ಗುದ್ದಲಿ ಕಾವು ಆರು. ನನ್ನ ಬಲಗೈ ಬೆರಳುಗಳು ತೊಡೆಯ ಮೇಲೆ ಅಂಕಿ ಒತ್ತುತ್ತಿದ್ದವು. ನಿಲ್ಲಿಸಲು ಎಡಗೈಯಿಂದ ಹಿಡಿದುಕೊಳ್ಳಬೇಕಾಯಿತು.

ಎಲ್ಲ ಸೇರಿ ಎಂಟು ಹತ್ತು ನಿಮಿಷ. ಆಟೋದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿ, ನಾವು ಠಾಣೆಗೆ ಹೋಗುವ ಹೊತ್ತಿಗೆ ಪಕ್ಕದ ಊರಿನವರು ಆಗಲೇ ಅಲ್ಲಿದ್ದರು. ಅವರ ದೂರು ಮೊದಲು ದಾಖಲಾಗಿತ್ತು, ಅದರಲ್ಲಿ ಬಿಡದಿಯಣ್ಣನ ಅಪ್ಪ ಒಂದನೆಯ ಆರೋಪಿ.

ಠಾಣೆಯ ಹೊರಗೆ ಹೊಂಗೆ ಮರದ ಕೆಳಗೆ ಅವರ ಮನೆಯ ಹೆಂಗಸರು ನನ್ನನ್ನು ಸುತ್ತುವರಿದರು. ಬಿಡದಿಯಣ್ಣನ ಅತ್ತಿಗೆ ನನ್ನ ಕೈ ಹಿಡಿದರು.

“ನೀನು ಓದಿರೋಳು, ನಮ್ಮೋಳೂ ಅಲ್ಲ, ಅವ್ರೋಳೂ ಅಲ್ಲ. ಜಗಲಿ ಮ್ಯಾಲೆ ಕೂತು ಎಲ್ಲಾ ನೋಡ್ದೆ. ಅವರೇ ಮೊದ್ಲು ಕಲ್ಲು ಬೀರಿದ್ರು ಅಂತ ಒಂದು ಮಾತು ಹೇಳ್ಬುಡು ನಮ್ಮವ್ವ. ಅಷ್ಟು ಸಾಕು.”

“ನಾನು ನೋಡಲಿಲ್ಲ ಅಕ್ಕ. ಬಗ್ಗಿದ್ದೆ.”

“ಬಗ್ಗಿದ್ಯಾ! ಕಣ್ಮುಂದೆ ಹೆಣ ಬೀಳೋ ಹೊತ್ತಲ್ಲಿ ಕಾಗ್ದ ಜೋಡಿಸ್ತಿದ್ಯಾ?”

ಬಿಡದಿಯಣ್ಣ ಅಂಗಿಯ ಮೇಲೆ ಅಪ್ಪನ ರಕ್ತ ಒಣಗಿಸಿಕೊಂಡು ನಿಂತಿದ್ದರು. ಅತ್ತಿಗೆಯನ್ನು ಆಚೆಗೆ ಸರಿಸಿ ನನ್ನ ಮುಂದೆ ಬಂದರು. ಅಷ್ಟು ದಿನದಲ್ಲಿ ಅವರು ನನ್ನೊಡನೆ ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ.

“ಇಲ್ಲಿ ನೋಡ್ಲಿಲ್ಲ ಅಂತೀಯ. ಸರಿ, ಬುಡು, ನೋಡ್ದಿದ್ದನ್ನ ಹೇಳು ಅನ್ನಲ್ಲ ನಾನು. ಅಲ್ಲಿ, ಫಾರಂನಲ್ಲಿ ನೋಡಿದ್ದೀಯಲ್ಲ? ಗೊತ್ತಾಗಿ ಎಂಟು ದಿನ ಆಯ್ತಲ್ಲ? ಅದನ್ನಾದ್ರೂ ಹೇಳು ಹೋಗು!”

ಠಾಣೆಯ ಎದುರಿಗೇ ಎಸ್‌ಟಿಡಿ ಬೂತ್ ಇತ್ತು. ಸಂಶೋಧಕಿಯ ನಂಬರ್ ನನ್ನ ಡೈರಿಯ ಹಿಂಬದಿಯಲ್ಲಿತ್ತು. ನೇರವಾಗಿ ಅವರಿಗೆ ಫೋನ್ ಮಾಡುವುದು ನಮಗೆ ನಿಷಿದ್ಧ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಓದಿದೆ. ಸಂತೆ ನಾಲ್ಕು ದಿನಕ್ಕೊಮ್ಮೆಯೋ ಏಳು ದಿನಕ್ಕೊಮ್ಮೆಯೋ ಎಂದು ಮೊದಲು ಕೇಳಿದೆ.

“ನಾಲ್ಕು” ಎಂದರು ತಕ್ಷಣ. “ಹಾಳೆಯಲ್ಲಿದೆಯಲ್ಲ?”

ಹಾಳೆ ಬಂದಿಲ್ಲ, ನಾನು ಏಳು ಎಂದು ಹಾಕಿದೆ, ಎಂದೆ. ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಆಗ ಅವರು ಮಾತಾಡಿದರು. ಒಂದೊಂದೇ ಪದ ಬಿಡಿಸಿ, ನಾನು ಬರೆದುಕೊಳ್ಳಲೆಂಬಂತೆ. ಹಾಳೆ ತಮ್ಮ ಪುಸ್ತಕದೊಳಗೇ ಉಳಿದ ನೆನಪು ಈಗ ಬರುತ್ತಿದೆ ಎಂದರು. ಅವರು ಪಟ್ಟಣದಲ್ಲಿ ಬೆಳೆದವರು. ಆದರೂ ನಾಲ್ಕು ಎಂಬುದು ಅವರಿಗೆ ಗೊತ್ತಿತ್ತು. ದಿನಾಂಕ ಕಣ್ಣೆದುರು ಬಂದ ಮೇಲೆ ಹಿಂದಕ್ಕೆ ಹೋಗಿ ಸಂತೆ ಎಣಿಸಲಿಲ್ಲ.

“ಯಾಕೆ ಎಣಿಸಲಿಲ್ಲ ಗೊತ್ತೇ? ನನಗೆ ಬೇಕಾಗಿದ್ದ ಉತ್ತರವೇ ಬಂದಿತ್ತು” ಎಂದರು.

ಹಾಳೆಯ ಪ್ರತಿ ಸೋಮವಾರವೇ ಬಂತು. ಗುಡ್ಡದೂರಿನ ಮುನ್ನೂರ ಆರು ಫಾರಂಗಳ ದಿನಾಂಕವನ್ನು ಮೊದಲಿನಿಂದ ತುಂಬಿದೆವು. ಈ ಸಲ ಹಾಳೆಯನ್ನು ಪರದೆಯ ಪಕ್ಕ ಅಂಟಿಸಿಕೊಳ್ಳಲಿಲ್ಲ. ನಾನು ಬೆರಳು ಮಡಚಿ ಎಣಿಸಿದೆ, ಬಿಡದಿಯಣ್ಣ ತಮ್ಮ ಕ್ಯಾಲೆಂಡರ್‌ನಲ್ಲಿ ಚಂದ್ರನನ್ನು ನೋಡಿಕೊಂಡು ಎಣಿಸಿದರು. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಅವರು ಅಪ್ಪನ ಡ್ರೆಸ್ಸಿಂಗ್‌ಗೆ ಆಸ್ಪತ್ರೆಗೆ ಹೋಗುವುದು, ಮತ್ತೆ ಬಂದು ಸಂಜೆಯವರೆಗೆ ಕೆಲಸ. ಜುಲೈ 17ಕ್ಕೆ ಮುಗಿಯಿತು. ಮಾಲೀಕರು ನನ್ನ ಹೆಸರಿನ ಮುಂದಿನ ಸೊನ್ನೆಯನ್ನು ಒರೆಸಿ, ಹೆಸರನ್ನೂ ಒರೆಸಿದರು. ಕೊನೆಯ ದಿನ ಅವರೇ ಮೆಟ್ಟಿಲವರೆಗೆ ಬಂದು, “ಬೇರೆ ಕಡೆ ಕೇಳಿದ್ರೆ ಒಳ್ಳೇ ಹುಡುಗಿ ಅಂತ್ಲೇ ಹೇಳ್ತೀನಮ್ಮ, ಇಲ್ಲಿ ಮಾತ್ರ ಬೇಡ” ಎಂದರು. ಬಿಡದಿಯಣ್ಣನ ಅಪ್ಪನ ಕೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಮೊಕದ್ದಮೆಯಲ್ಲಿ ಅವರು ಒಂದನೆಯವರಾಗಿಯೇ ಉಳಿದರು. ಮೊದಲ ಕಲ್ಲು ಯಾರದೆಂದು ನನಗೆ ಇಂದಿಗೂ ತಿಳಿಯದು. ನನ್ನ ಲೆಕ್ಕದಲ್ಲಿ ಅದು 99.

ಆಗಸ್ಟ್ ಕೊನೆಯಲ್ಲಿ ಮನೆಯ ವಿಳಾಸಕ್ಕೆ ಸಂಶೋಧಕಿಯ ಕಾಗದ ಬಂತು. ತಿದ್ದಿದ ಪಟ್ಟಿಯನ್ನು ಅವರೇ ಮಂಡಳಿಯ ಮುಂದೆ ಇಟ್ಟಿದ್ದರು, ತಪ್ಪು ಹೇಗಾಯಿತೆಂದು ಮುಚ್ಚಿಡದೆ ಹೇಳಿದ್ದರು. ತಾಯಿಯ ಊರಿನವರು ಅವರ ಮನೆಯ ಬಾಗಿಲಿಗೆ ಕಲ್ಲು ಹೊಡೆದಿದ್ದರು. ಎರಡೂ ಊರಿನವರು ಕೊಂದಿದ್ದಾರೆ, ಎರಡನ್ನೂ ವಿಚಾರಿಸಬೇಕು ಎಂದು ಮಂಡಳಿ ಒಪ್ಪಿತ್ತು. ಒಂಬತ್ತು ಜನರಲ್ಲಿ ಎಂಟು ಜನಕ್ಕೆ ಜಾಮೀನಾಗಿತ್ತು.

ಒಂಬತ್ತನೆಯವನು ಹಗ್ಗದ ಮುದುಕ. ಜುಲೈ 9ರಂದು ಬಂಧನದಲ್ಲಿದ್ದಾಗಲೇ ಯಾರೋ ಬಡಿದು ಕೊಂದಿದ್ದರು. ದಿನ ಗೊತ್ತುಮಾಡಿದವನು ಎಂಬ ಸುದ್ದಿ ಒಳಗಿದ್ದವರಿಗೂ ತಲುಪಿತ್ತಂತೆ. ‘ನಿನ್ನ ಫೋನ್ ಒಂದು ವಾರ ಮೊದಲು ಬಂದಿದ್ದರೆ ಅವನು ಉಳಿಯುತ್ತಿದ್ದ ಎಂದು ಹೇಳಲಾರೆ, ಇಲ್ಲವೆಂದೂ ಹೇಳಲಾರೆ. ಈ ಪ್ರಶ್ನೆಯನ್ನು ನಾನು ಮೊದಲು ನನಗೆ ಹಾಕಿಕೊಂಡಿದ್ದೇನೆ’ ಎಂದು ಬರೆದಿದ್ದರು. ಹಗ್ಗವನ್ನು ಊರಿಗೆ ಹಿಂದಿರುಗಿಸಿದ್ದಾರೆ, ಮೊಮ್ಮಗಳು ಗಂಟು ಮುಂದುವರಿಸುತ್ತಿದ್ದಾಳೆ, ಅವನು ಒಳಗಿದ್ದಾಗ ತಪ್ಪಿದ ಗಂಟುಗಳನ್ನು ಎಣಿಸಿ ಹಾಕಿಕೊಂಡಿದ್ದಾಳೆ ಎಂದೂ ಇತ್ತು.

ಅಂದು ಜುಲೈ 4ರ ಖಾಲಿ ಪುಟಕ್ಕೆ ಹಿಂದಿರುಗಿ ಬರೆದೆ. ಜುಲೈ 3ರ ಅರ್ಧ ಚಂದ್ರನಿಂದ ಜುಲೈ 11ರ ಬೂತಿನವರೆಗೆ. ‘ಸುಮ್ಮನಿದ್ದ ದಿನ 8. ಪ್ರಶ್ನೆ 1.’ ಅದರ ಕೆಳಗೆ, ಹಗ್ಗದ ಮುದುಕನ ಲೆಕ್ಕದಲ್ಲಿ: ‘ಎರಡು ಗಂಟು.’